ಉತ್ಪಾದನಾ ಸಾಮರ್ಥ್ಯ ಅಂದ್ರೆ ನಲ್ಲಿ ನೀರಲ್ಲ

2025ರ ಅಕ್ಟೋಬರ್ 17ರಂದು ನಾಸಿಕ್‌ನಲ್ಲಿ ಎಚ್‌ಎಎಲ್‌ನ ಮೂರನೇ ತೇಜಸ್ ಉತ್ಪಾದನಾ ಘಟಕದ ಉದ್ಘಾಟನೆ ಆಯ್ತು. ನಮ್ಮ ಬೆಂಗಳೂರಿನ ಎರಡು ಘಟಕಗಳ ಸಾಮರ್ಥ್ಯ ವರ್ಷಕ್ಕೆ 16, ನಾಸಿಕ್‌ನದ್ದು 8. ಒಟ್ಟು 24 ಯುದ್ಧವಿಮಾನ. ಈ 24 ಅನ್ನೋ ಸಂಖ್ಯೆಯನ್ನು ನಾನೂ ಅವತ್ತು ಬುಲೆಟಿನ್‌ನಲ್ಲಿ ಓದಿದೆ. ರಾತ್ರಿ ಮನೆಗೆ ಹೊರಟಾಗ ಕ್ಯಾಬ್ ಡ್ರೈವರ್ ಕೇಳಿದ್ರು: "ಸಾರ್, ವರ್ಷಕ್ಕೆ 24 ಮಾಡೋ ತಾಕತ್ತಿದ್ರೆ ಏರ್‌ಫೋರ್ಸ್‌ಗೆ ಯಾಕೆ ಹೊಸ ತೇಜಸ್ ಒಂದೂ ಬಂದಿಲ್ಲ?"

ಪ್ರಶ್ನೆ ಸರಿಯಾಗೇ ಇತ್ತು. ತೇಜಸ್‌ನ ಸುಧಾರಿತ ಮಾದರಿ ಮಾರ್ಕ್-1ಎ ಅವತ್ತಿನವರೆಗೆ ಒಂದೂ ವಾಯುಪಡೆಯ ಕೈ ಸೇರಿರಲಿಲ್ಲ. ಉತ್ತರ ಹೇಳೋಕೆ ನಾನು ನಿಮ್ಮನ್ನ ಸ್ವಲ್ಪ ಹೊತ್ತು ಪೀಣ್ಯಕ್ಕೆ ಕರ್ಕೊಂಡು ಹೋಗ್ಬೇಕು.

ಎಂಜಿನಿಯರಿಂಗ್ ಕೊನೇ ವರ್ಷದಲ್ಲಿ ಅಲ್ಲಿನ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಪ್ರಾಜೆಕ್ಟ್ ಮಾಡಿದ್ದೆ. ಶಾಫ್ಟ್ ತಯಾರಿಸ್ತಿದ್ರು. ಲೇಥ್‌ನಲ್ಲಿ ದಿನಕ್ಕೆ 100 ಆಗ್ತಿತ್ತು, ಮಿಲ್ಲಿಂಗ್‌ನಲ್ಲಿ 60, ಗ್ರೈಂಡಿಂಗ್‌ನಲ್ಲಿ 80. ಇನ್ನೊಂದು ಲೇಥ್ ತಗೊಂಡ್ರೆ ಉತ್ಪಾದನೆ ಜಾಸ್ತಿ ಆಗುತ್ತೆ ಅಂತ ನಾನು ಜಾಣತನದಿಂದ ಸಲಹೆ ಕೊಟ್ಟೆ. ಅಲ್ಲಿನ ಹಿರಿಯ ಫೋರ್‌ಮನ್ ಮಿಲ್ಲಿಂಗ್ ಮಷಿನ್ ಮುಂದೆ ಬಿದ್ದಿದ್ದ ರಾಶಿ ತೋರಿಸಿ, "ಅರ್ಧ ಆಗಿರೋ ಶಾಫ್ಟಿಗೆ ಯಾವ ಗಿರಾಕಿ ದುಡ್ಡು ಕೊಡ್ತಾನಪ್ಪ?" ಅಂದ್ರು.

ಇಡೀ ಲೆಕ್ಕ ಆ ಮಾತಿನಲ್ಲಿದೆ. ಆ ವರ್ಕ್‌ಶಾಪಿನ ಸಾಮರ್ಥ್ಯ 100 ಅಲ್ಲ, 80 ಅಲ್ಲ, 60. ಎಲ್ಲಕ್ಕಿಂತ ನಿಧಾನವಾದ ಹಂತ ಯಾವುದೋ, ಕಾರ್ಖಾನೆಯ ವೇಗವೂ ಅದೇ. ಇನ್ನೊಂದು ಲೇಥ್ ತಂದ್ರೆ ರಾಶಿ ದೊಡ್ಡದಾಗುತ್ತೆ, ಅಷ್ಟೇ. ಆದ್ರೆ ಮಿಲ್ಲಿಂಗ್ ಮಷಿನ್ ಒಂದು ಗಂಟೆ ನಿಂತರೆ ಇಡೀ ವರ್ಕ್‌ಶಾಪೇ ಒಂದು ಗಂಟೆ ನಿಂತ ಹಾಗೆ.

ಈಗ ತೇಜಸ್‌ಗೆ ಬನ್ನಿ. ಇದರ ಎಂಜಿನ್ ಅಮೆರಿಕದ ಜಿಇ ಕಂಪನಿಯ ಎಫ್404. ಮೊದಲು ಒಪ್ಪಂದವಾಗಿದ್ದ 65 ಎಂಜಿನ್‌ಗಳನ್ನು 2016ರ ಹೊತ್ತಿಗೆ ಜಿಇ ಕೊಟ್ಟು ಮುಗಿಸಿತು. ಆಗ ತೇಜಸ್‌ಗೆ ಇದ್ದ ಆರ್ಡರ್ ಒಟ್ಟು 40 ವಿಮಾನ ಮಾತ್ರ. ಮುಂದೆ ಎಂಜಿನ್ ಬೇಕು ಅಂತ ಯಾರೂ ಬರೆದುಕೊಡಲಿಲ್ಲ. ಜಿಇ ಆ ಮಾದರಿಯ ಉತ್ಪಾದನೆಯನ್ನೇ ನಿಲ್ಲಿಸಿತು.

2021ರ ಫೆಬ್ರವರಿಯಲ್ಲಿ, ಯಲಹಂಕದ ಏರೋ ಇಂಡಿಯಾದಲ್ಲಿ, 83 ತೇಜಸ್‌ಗೆ ಒಪ್ಪಂದ ಆಯ್ತು. ಅದೇ ವರ್ಷ ಆಗಸ್ಟ್‌ನಲ್ಲಿ 99 ಎಂಜಿನ್‌ಗೆ ಆರ್ಡರ್ ಹೋಯ್ತು. ಆದ್ರೆ ಐದು ವರ್ಷ ಮಲಗಿದ್ದ ಲೈನ್ ಎಬ್ಬಿಸೋದು ಅಂದ್ರೆ ಸ್ವಿಚ್ ಒತ್ತಿದಷ್ಟು ಸುಲಭವೇ? ಬಿಡಿಭಾಗ ಪೂರೈಸುತ್ತಿದ್ದ ಕಂಪನಿಗಳನ್ನು ಮತ್ತೆ ಒಟ್ಟುಗೂಡಿಸಬೇಕು. 99ರಲ್ಲಿ ಮೊದಲ ಎಂಜಿನ್ ಬಂದಿದ್ದು 2025ರ ಮಾರ್ಚ್‌ನಲ್ಲಿ!

ನ್ಯಾಯವಾಗಿ ಹೇಳಬೇಕು ಅಂದ್ರೆ ಎಂಜಿನ್ ಒಂದೇ ಕಾರಣ ಅಲ್ಲ. ಆಯುಧಗಳ ಜೋಡಣೆ, ಪ್ರಮಾಣೀಕರಣದ ಕೆಲಸಗಳೂ ಬಾಕಿ ಇದ್ದವು, ಅದಕ್ಕೆ ಎಚ್‌ಎಎಲ್ ಉತ್ತರ ಕೊಡಲೇಬೇಕು. ಆದರೆ ಇಲ್ಲಿ ಮೂರಲ್ಲ, ಮೂವತ್ತು ಘಟಕ ಕಟ್ಟಿದ್ರೂ ಎಂಜಿನ್ ಇಲ್ಲದ ವಿಮಾನ ಆ ಪೀಣ್ಯದ ಅರ್ಧ ಶಾಫ್ಟ್ ಇದ್ದ ಹಾಗೇ.

ಹಾಗಾದ್ರೆ ಮೊದಲೇ ಯಾಕೆ ಸಾಮರ್ಥ್ಯ ಕಟ್ಟಿಕೊಳ್ಳಲಿಲ್ಲ? ಅದಕ್ಕೂ ಅಪಾಯ ಇದೆ. ಟಾಟಾ ನ್ಯಾನೋ ನೆನಪಿದೆ ಅಲ್ವಾ? ಗುಜರಾತಿನ ಸಾನಂದ್‌ನಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಕಾರು ಮಾಡುವಂಥ ಕಾರ್ಖಾನೆ ಎದ್ದಿತು. ಬೇಡಿಕೆ ಬರಲಿಲ್ಲ. 2018ರ ಜೂನ್ ತಿಂಗಳಲ್ಲಿ ತಯಾರಾಗಿದ್ದು ಒಂದೇ ಒಂದು ನ್ಯಾನೋ. ಮಷಿನ್ ಸುಮ್ಮನೆ ನಿಂತರೂ ಸಾಲದ ಬಡ್ಡಿ ನಿಲ್ಲೋದಿಲ್ಲ. ಅದಕ್ಕೇ ಕಾರ್ಖಾನೆಯವರು ಕೈಯಲ್ಲಿ ಆರ್ಡರ್ ಇಲ್ಲದೆ ಇಟ್ಟಿಗೆ ಇಡೋಕೆ ಹೆದರ್ತಾರೆ. 40 ವಿಮಾನದ ಆರ್ಡರ್ ನಂಬಿಕೊಂಡು ವರ್ಷಕ್ಕೆ 24ರ ಘಟಕ ಕಟ್ಟಿದ್ರೆ ಎರಡೇ ವರ್ಷದಲ್ಲಿ ಕೆಲಸ ಖಾಲಿ. ಯುದ್ಧವಿಮಾನಕ್ಕೆ ನಮ್ಮಲ್ಲಿ ಗಿರಾಕಿ ಒಬ್ಬರೇ: ಸರ್ಕಾರ. ಆ ಗಿರಾಕಿ ಮನಸ್ಸು ಮಾಡೋಕೆ ವರ್ಷಗಟ್ಟಲೆ ತಗೊಂಡ್ರೆ ಕಾರ್ಖಾನೆಗೂ ವರ್ಷಗಟ್ಟಲೆ ತಡ ಆಗುತ್ತೆ.

ಈ ತಡಕ್ಕೆ ಬೆಲೆ ತೆರೋದು ವಾಯುಪಡೆ. ಅದಕ್ಕೆ ಮಂಜೂರಾಗಿರೋದು 42 ಸ್ಕ್ವಾಡ್ರನ್. 2025ರ ಸೆಪ್ಟೆಂಬರ್ 26ರಂದು ಮಿಗ್-21 ನಿವೃತ್ತಿಯಾದ ಮೇಲೆ ಉಳಿದಿದ್ದು 29. ಒಂದು ಸ್ಕ್ವಾಡ್ರನ್ ಅಂದ್ರೆ 16ರಿಂದ 18 ವಿಮಾನ. ನೀವೇ ಗುಣಿಸಿ ನೋಡಿ.

ಪಾಠ ಕಲಿತ ಲಕ್ಷಣವೂ ಇದೆ. ಮಿಗ್ ನಿವೃತ್ತಿಯ ಹಿಂದಿನ ದಿನವೇ ಇನ್ನೂ 97 ತೇಜಸ್‌ಗೆ ಒಪ್ಪಂದ ಆಯ್ತು. ನವೆಂಬರ್‌ನಲ್ಲಿ ಇನ್ನೂ 113 ಎಂಜಿನ್‌ಗೆ ಸಹಿ ಬಿತ್ತು. ಅಂದ್ರೆ ಈ ಸಲ ಎಂಜಿನ್ ಲೈನ್ ನಿಲ್ಲೋ ಮೊದಲೇ ಮುಂದಿನ ಆರ್ಡರ್ ತಲುಪಿದೆ.

ಮುಂದಿನ ಸಲ ಯಾವುದೇ ಉದ್ಘಾಟನೆಯಲ್ಲಿ, ತೇಜಸ್ ಇರಲಿ, ಚಿಪ್ ಫ್ಯಾಕ್ಟರಿ ಇರಲಿ, "ವರ್ಷಕ್ಕೆ ಇಷ್ಟು ಸಾಮರ್ಥ್ಯ" ಅಂತ ನಾನು ಓದಿದ್ರೆ, ದಯವಿಟ್ಟು ಎರಡು ಪ್ರಶ್ನೆ ಕೇಳಿ. ಎಲ್ಲಕ್ಕಿಂತ ನಿಧಾನದ ಹಂತ ಯಾವುದು? ಮುಂದಿನ ಐದು ವರ್ಷದ ಆರ್ಡರ್ ಕೈಯಲ್ಲಿದೆಯಾ? ಆ ಡ್ರೈವರ್ ಅಣ್ಣ ಕೇಳಿದ ಮೇಲೆ ನಾನಂತೂ ಕೇಳೋಕೆ ಶುರು ಮಾಡಿದ್ದೀನಿ.