ಒಳಗೇ ಅಳುವ ಕುರಿ

ಕನ್ನಡದಲ್ಲಿ ಗಂಡಸನ್ನು ಕುರಿ ಎಂದರೆ ಬೈಗುಳ. ಆಫ್ರಿಕಾದ ದಕ್ಷಿಣ ಭಾಗದಲ್ಲಿರುವ ಲೆಸೊಥೊದಲ್ಲಿ ಅದೇ ಮಾತು ಹೊಗಳಿಕೆ. ‘ಮೊನ್ನಾ ಕೆ ನ್ಕು, ಹಾ ಅ ಲ್ಲೆ’ ಎಂಬುದು ಅಲ್ಲಿನ ಬಸೊಥೊ ಜನರ ಬಾಯಲ್ಲಿ ಸದಾ ಆಡುವ ಗಾದೆ. ಗಂಡಸು ಕುರಿ, ಅವನು ಅಳುವುದಿಲ್ಲ ಎಂದು ಅರ್ಥ. ಕುತ್ತಿಗೆಗೆ ಕತ್ತಿ ಬಂದಾಗ ಆಡು ಊರಿಗೆಲ್ಲ ಕೇಳುವಂತೆ ಅರಚುತ್ತದೆ, ಕುರಿ ಸದ್ದಿಲ್ಲದೆ ಪ್ರಾಣ ಬಿಡುತ್ತದೆ. ಕುರಿ ಸಾಕುವವರಿಗೆಲ್ಲ ಗೊತ್ತಿರುವ ಸತ್ಯವಿದು. ಇದೇ ಗಾದೆಗೆ ಇನ್ನೊಂದು ರೂಪವೂ ಇದೆ: ಗಂಡಸು ಕುರಿ, ಒಳಗೇ ಅಳುತ್ತಾನೆ. ನನಗೆ ಈ ಎರಡನೆಯದೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಅಳು ಇದೆ ಎಂಬುದನ್ನಾದರೂ ಅದು ಒಪ್ಪಿಕೊಳ್ಳುತ್ತದೆ.

ಹೆಂಗಸಿನ ಬಗ್ಗೆ ಅದೇ ಜನ ಹೇಳುವ ಗಾದೆ ಬೇರೆ. ಮಗುವಿನ ತಾಯಿ ಚೂರಿಯನ್ನು ಅಲಗಿನ ಕಡೆಯಿಂದಲೇ ಹಿಡಿಯುತ್ತಾಳೆ. ಅವಳ ಅಂಗೈಯ ಗಾಯ ನಾಲ್ಕು ಜನಕ್ಕೆ ಕಾಣುತ್ತದೆ, ಅದಕ್ಕೆ ಗೌರವವೂ ಸಿಗುತ್ತದೆ. ಗಂಡಸಿನ ಗಾಯ ಮಾತ್ರ ಯಾರಿಗೂ ಕಾಣಬಾರದು.

ಸುತ್ತಲೂ ದಕ್ಷಿಣ ಆಫ್ರಿಕಾವೇ ಇರುವ ಈ ಪುಟ್ಟ ದೇಶದಲ್ಲಿ ಸುಮಾರು 1,400 ಮೀಟರಿಗಿಂತ ತಗ್ಗಿನ ನೆಲವೇ ಇಲ್ಲ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಹಳ್ಳಿಯ ಹುಡುಗರು ಎಳೆಯ ವಯಸ್ಸಿನಲ್ಲೇ ದನಕುರಿ ಹೊಡೆದುಕೊಂಡು ಬೆಟ್ಟ ಹತ್ತುತ್ತಾರೆ. ‘ಮೊಟೆಬೊ’ ಎಂಬ ದೂರದ ದೊಡ್ಡಿಗಳಲ್ಲಿ, ಕಲ್ಲಿನ ಗುಡಿಸಲಲ್ಲಿ, ಕಂಬಳಿ ಹೊದ್ದು ತಿಂಗಳುಗಟ್ಟಲೆ ಕಳೆಯುತ್ತಾರೆ. ಅಲ್ಲಿ ಅತ್ತರೆ ಕೇಳುವವರು ಯಾರು? ಜೊತೆಗಿರುವುದು ಲೆಸಿಬಾ ಎಂಬ ವಾದ್ಯ. ಕೋಲಿಗೆ ಬಿಗಿದ ಒಂದು ತಂತಿ, ಅದರ ತುದಿಗೆ ಹಕ್ಕಿಯ ಗರಿಯ ಸೀಳು. ಗರಿಗೆ ಬಾಯಿಟ್ಟು ಉಸಿರಿನಿಂದಲೇ ತಂತಿಯನ್ನು ನುಡಿಸಬೇಕು. ಆ ಹುಡುಗರ ಮನಸ್ಸು ಮಾತಾಗುವ ಮೊದಲು ಉಸಿರಾಗಿಯೇ ಹೊರಬರುತ್ತದೆ.

ಬೆಟ್ಟ ಇಳಿದು ಬೆಳೆದವರನ್ನು ಚಿನ್ನದ ಗಣಿಗಳು ಕರೆಯುತ್ತಿದ್ದವು. 1980ರ ದಶಕದ ಕೊನೆಗೆ ಲಕ್ಷಕ್ಕೂ ಹೆಚ್ಚು ಬಸೊಥೊ ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ದುಡಿಯುತ್ತಿದ್ದರು. ಅಳಬಾರದ ಈ ಗಂಡಸರು ಕಟ್ಟಿಕೊಂಡ ಹಾಡುಗಳೇ ‘ದಿಫೆಲಾ’. ಒಬ್ಬನೇ ಎದ್ದು ನಿಂತು, ಅರ್ಧ ಹಾಡಿ ಅರ್ಧ ಹೇಳುತ್ತ ಬಹಳ ಹೊತ್ತು ಮುಂದುವರಿಸುವ ಪದಗಳು ಅವು. ನೆಲದಾಳದ ಸಾವಿನ ಭಯ, ತಬ್ಬಲಿತನ, ಬಿಟ್ಟುಬಂದ ಹೆಂಡತಿಯ ಮೇಲಿನ ಅನುಮಾನ, ಮನೆಯ ಹಂಬಲ, ಯಾವುದನ್ನೂ ಅವು ಮುಚ್ಚಿಡುವುದಿಲ್ಲ. ಸುತ್ತ ಕೂತು ಕೇಳುವವರೂ ಗಂಡಸರೇ. ಅಲ್ಲಿ ನೋವು ತೋಡಿಕೊಂಡವನನ್ನು ಯಾರೂ ಹೇಡಿ ಎನ್ನಲಿಲ್ಲ, ಒಳ್ಳೆಯ ಹಾಡುಗಾರ ಎಂದರು. ಬಸೊಥೊ ಗಂಡಸಿನ ಮನಸ್ಸನ್ನು ಗಾದೆಯೊಂದರಿಂದಲೇ ಅಳೆಯುವುದು ತಪ್ಪು ಎಂದು ನಾನು ನಂಬುವುದು ಈ ಹಾಡುಗಳ ಕಾರಣಕ್ಕೆ. ಅಳಬೇಡ ಎಂದ ಸಮಾಜವೇ ಅಳುವುದಕ್ಕೊಂದು ಕಟ್ಟೆಯನ್ನೂ ಕಟ್ಟಿಕೊಟ್ಟಿತ್ತು.

1990ರ ದಶಕದಿಂದ ಗಣಿಗಳು ಸಾವಿರಾರು ಜನರನ್ನು ಮನೆಗೆ ಕಳಿಸಿದವು. ದುಡಿಮೆಯ ಜೊತೆಗೆ ಹಾಡಿಗೆ ಕಿವಿಗೊಡುತ್ತಿದ್ದ ಆ ಗೆಳೆಯರ ಗುಂಪೂ ಚದುರಿತು. ಗಾದೆ ಮಾತ್ರ ಉಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನಂತೆ ಲೆಸೊಥೊದಲ್ಲಿ ಲಕ್ಷ ಜನಕ್ಕೆ 72 ಮಂದಿ ತಮ್ಮ ಪ್ರಾಣ ತಾವೇ ಕಳೆದುಕೊಂಡಿದ್ದರು. ಆಗ ಜಗತ್ತಿನಲ್ಲೇ ಅದು ಅತಿ ಹೆಚ್ಚಾಗಿತ್ತು, ಜಾಗತಿಕ ಸರಾಸರಿ ಸುಮಾರು 9 ಇತ್ತು. ಗಂಡಸರ ಪ್ರಮಾಣ ಹೆಂಗಸರದಕ್ಕಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಇದರ ಹಿಂದೆ ಬಡತನವಿದೆ, ನಿರುದ್ಯೋಗವಿದೆ, ಎಚ್‌ಐವಿ ಇದೆ, ಕುಡಿತವಿದೆ. ಒಂದು ಗಾದೆಯ ಮೇಲೆ ಇಷ್ಟೂ ಸಾವುಗಳನ್ನು ಹೊರಿಸಲಾಗದು. ಆದರೆ ಕಷ್ಟ ಬಂದಾಗ ಬಾಯಿ ಬಿಡದಿರುವುದೇ ಗಂಡಸುತನ ಎಂದು ಕಲಿತವನು ಸಹಾಯ ಕೇಳುವುದು ಹೇಗೆ?

ರಾಜಧಾನಿ ಮಸೇರುವಿನ ಮಾನಸಿಕ ಆಸ್ಪತ್ರೆಗೆ ಮೊಹ್ಲೋಮಿಯ ಹೆಸರಿಟ್ಟಿದ್ದಾರೆ. ಬಸೊಥೊ ರಾಷ್ಟ್ರ ಕಟ್ಟಿದ ಮೊಶ್ವೇಶ್ವೇ ದೊರೆಗೆ ಬುದ್ಧಿ ಹೇಳಿದ ಹಿರಿಯ ಈತ. ವೈದ್ಯನೂ ಹೌದು, ನಾಡೆಲ್ಲ ಸುತ್ತಿ ಜನರಿದ್ದಲ್ಲಿಗೇ ಹೋದವನು. ಅವನ ಹೆಸರಿನ ಆಸ್ಪತ್ರೆಯಿಂದ ಮೊಟೆಬೊಗಳ ಗುಡಿಸಲಿಗೆ ದಾರಿ ಬಹಳ ದೂರ. ಆರೈಕೆ ಬೆಟ್ಟ ಹತ್ತಬೇಕು, ಕುರಿ ಕಾಯುವ ಹುಡುಗನ ಪಕ್ಕ ಕೂತು ಅವನ ಮಾತು ಕೇಳಬೇಕು.