ಆಟಗಾರನಿಗೆ ತಕ್ಕ ಬ್ಯಾಟು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಗಳಲ್ಲಿ ದೋಟಿಯನ್ನು ಕಾಣದವರಿಲ್ಲ. ಉದ್ದವಾದ ಆ ಗಳುವನ್ನು ನಡುಮಧ್ಯದಲ್ಲಿ ಹಿಡಿದು ಹೆಗಲ ಮೇಲಿಟ್ಟು ನಡೆಯುವುದು ಅಷ್ಟೇನೂ ಕಷ್ಟವಲ್ಲ. ಅದರ ಒಂದು ತುದಿಯನ್ನು ಮಾತ್ರ ಹಿಡಿದು, ನೆಲಕ್ಕೆ ಸಮಾಂತರವಾಗಿ ಎತ್ತಿ ಬೀಸಲು ಹೊರಟರೆ ಗಟ್ಟಿಗನ ಮುಂಗೈಯೂ ಸೋಲುತ್ತದೆ. ದೋಟಿಯ ತೂಕ ಕೂದಲೆಳೆಯಷ್ಟೂ ಹೆಚ್ಚಿಲ್ಲ; ಆ ತೂಕವು ಕೈಯಿಂದ ಎಷ್ಟು ದೂರದಲ್ಲಿ ಹರಡಿದೆ ಎಂಬುದು ಮಾತ್ರ ಬದಲಾಗಿದೆ. ತೋಟಿಗರು ಈಚೆಗೆ ಹಗುರವಾದ ಕಾರ್ಬನ್ ಫೈಬರ್ ದೋಟಿಗೆ ಮನಸೋತಿರುವುದರ ಗುಟ್ಟೂ ಇದೇ. ಕ್ರಿಕೆಟ್ ಬ್ಯಾಟನ್ನು ಕೊಳ್ಳಲು ಹೋದವರು ಮರೆಯುವುದೂ ಇದನ್ನೇ.

ತಿರುಗುವ ವಸ್ತುವು ತನ್ನ ಚಲನೆಯ ಬದಲಾವಣೆಗೆ ಒಡ್ಡುವ ತಡೆಯನ್ನು ಭ್ರಮಣ ಜಡತ್ವವೆಂದು ಕರೆಯೋಣ. ವಸ್ತುವಿನ ಪ್ರತಿಯೊಂದು ಕಣದ ರಾಶಿಯನ್ನೂ, ತಿರುಗುವ ಅಕ್ಷದಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿದರೆ ಬರುವ ಮೊತ್ತವೇ ಅದು. ದೂರದ ವರ್ಗ ಎಂಬುದನ್ನು ಓದುಗರು ಲಕ್ಷ್ಯದಲ್ಲಿಡಬೇಕು. 75 ಸೆಂಟಿಮೀಟರ್ ಉದ್ದದ ಬ್ಯಾಟು ಒಪ್ಪುವ ಬಾಲಕನ ಕೈಗೆ 85 ಸೆಂಟಿಮೀಟರಿನದನ್ನು ಕೊಟ್ಟೆವೆಂದು ಭಾವಿಸೋಣ. ಅಗಲವೂ ದಪ್ಪವೂ ಒಂದೇ ಆಗಿದ್ದರೆ ತೂಕವು ಶೇಕಡಾ 13ರಷ್ಟು ಮಾತ್ರ ಹೆಚ್ಚುತ್ತದೆ. ಭ್ರಮಣ ಜಡತ್ವವಾದರೋ ಶೇಕಡಾ 45ರಷ್ಟು ಏರುತ್ತದೆ. ತಕ್ಕಡಿ ಹೇಳದ ಸುದ್ದಿಯನ್ನು ಮಣಿಕಟ್ಟು ಹೇಳುವುದು ಹೀಗೆ.

ನಮ್ಮ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಅಂಗಿಯನ್ನು ಒಂದು ಅಳತೆ ದೊಡ್ಡದಾಗಿಯೇ ಹೊಲಿಸುವುದು ವಾಡಿಕೆ. ಬ್ಯಾಟನ್ನೂ ಹಾಗೆಯೇ ಕೊಳ್ಳುವವರುಂಟು: ಮುಂದಿನ ಮಾರಿಕಾಂಬಾ ಜಾತ್ರೆಯವರೆಗಾದರೂ ಬರಲಿ ಎಂಬ ಲೆಕ್ಕ. ಶಿರಸಿಯ ಆ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವಂಥದು. ಹರೆಯಕ್ಕೆ ಕಾಲಿಡುವ ಹುಡುಗ ಅಷ್ಟರಲ್ಲಿ ಹನ್ನೆರಡು, ಹದಿನಾಲ್ಕು ಸೆಂಟಿಮೀಟರ್ ಬೆಳೆದುಬಿಡಬಹುದು. ಹಣ ಉಳಿಸುವ ಉದ್ದೇಶ ತಪ್ಪಲ್ಲ. ಆದರೆ ದೊಡ್ಡ ಅಂಗಿಯ ತೋಳನ್ನು ಮಡಿಸಿಕೊಳ್ಳಬಹುದು, ಬ್ಯಾಟನ್ನು ಮಡಿಸಲಾಗದು. ಭಾರವನ್ನು ತಾಳಲಾರದೆ ಹುಡುಗನು ಹಿಡಿಯ ಕೆಳಭಾಗಕ್ಕೆ ಕೈ ಜಾರಿಸುತ್ತಾನೆ. ಮೇಲಣ ತುದಿ ಹೊಟ್ಟೆಗೆ ತಿವಿಯುತ್ತದೆ. ನೇರವಾಗಿ ಬರಬೇಕಾದ ಬ್ಯಾಟು ಅಡ್ಡಡ್ಡವಾಗಿ ಬರುತ್ತದೆ. ಎರಡು ವರ್ಷ ಹೀಗೆ ಆಡಿದವನಿಗೆ ಆಮೇಲೆ ಸರಿಯಾದ ಬ್ಯಾಟು ದೊರೆತರೂ ಅಂಟಿದ ಅಭ್ಯಾಸ ಬಿಡುವುದು ಸುಲಭವಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಆಡಲು ಮಕ್ಕಳು ತೆಂಗಿನ ಗರಿಯ ಮಟ್ಟೆಯಿಂದ ಕೆತ್ತಿಕೊಳ್ಳುವ ಬ್ಯಾಟು ಈ ದೃಷ್ಟಿಯಿಂದ ಮೇಲು. ಅದನ್ನು ಆಡುವವನೇ ತನ್ನ ಎತ್ತರಕ್ಕೆ ಕತ್ತರಿಸಿಕೊಂಡಿರುತ್ತಾನೆ.

ಅಂಗಡಿಯಲ್ಲಿ ಬ್ಯಾಟುಗಳು 1ರಿಂದ 6ರವರೆಗಿನ ಅಂಕಗಳಲ್ಲಿಯೂ, ಅದರ ಮೇಲೆ ಹ್ಯಾರೋ ಮತ್ತು ಪೂರ್ಣ ಅಳತೆಗಳಲ್ಲಿಯೂ ಸಿಗುತ್ತವೆ. ಸಾಮಾನ್ಯವಾಗಿ 4 ಅಡಿ 9 ಅಂಗುಲ ದಾಟಿದವರಿಗೆ 4ನೆಯದು, 5 ಅಡಿ 2 ಅಂಗುಲ ದಾಟಿದವರಿಗೆ 6ನೆಯದು, 5 ಅಡಿ 8 ಅಂಗುಲಕ್ಕೆ ಮೇಲ್ಪಟ್ಟವರಿಗೆ ಪೂರ್ಣ ಅಳತೆಯದು ಒಪ್ಪುತ್ತದೆ. ತಯಾರಕರಿಂದ ತಯಾರಕರಿಗೆ ಸ್ವಲ್ಪ ವ್ಯತ್ಯಾಸವಿರುವುದರಿಂದ ಅಂಕವನ್ನೇ ನಂಬದೆ, ಆಡುವಾಗ ತೊಡುವ ಬೂಟಿನೊಡನೆ ನಿಂತು, ಬ್ಯಾಟಿನ ಬುಡವನ್ನು ಪಾದದ ಪಕ್ಕದಲ್ಲಿ ಊರಿ ನೋಡಬೇಕು. ಹಿಡಿಯ ತುದಿ ತೊಡೆಯ ಮೇಲ್ಭಾಗಕ್ಕೆ ಬಂದರೆ ಉದ್ದ ಸರಿ. ಬಳಿಕ ಮೇಲಿನ ಕೈಯೊಂದರಿಂದಲೇ ಅದನ್ನು ಎತ್ತಿ ಮುಂದಕ್ಕೆ ಚಾಚಿ ಹಿಡಿಯಬೇಕು. ಮಣಿಕಟ್ಟು ಬಾಗಿದರೆ ಆ ಬ್ಯಾಟನ್ನು ಮರಳಿ ಕೊಡುವುದೇ ಲೇಸು.

ಕ್ರಿಕೆಟಿನ ನಿಯಮವು ಉದ್ದವನ್ನು 38 ಅಂಗುಲಕ್ಕೂ ಅಗಲವನ್ನು ನಾಲ್ಕೂಕಾಲು ಅಂಗುಲಕ್ಕೂ ಮಿತಿಗೊಳಿಸಿದೆ. 1771ರಲ್ಲಿ ಇಂಗ್ಲೆಂಡಿನ ಥಾಮಸ್ ವೈಟ್ ಎಂಬಾತ ವಿಕೆಟ್ಟಿನಷ್ಟೇ ಅಗಲದ ಬ್ಯಾಟು ಹಿಡಿದು ಬಂದುದೇ ಅಗಲದ ಮಿತಿಗೆ ಕಾರಣವಾಯಿತು. ತೂಕಕ್ಕೆ ಮಾತ್ರ ಮಿತಿಯಿಲ್ಲ. ಸಚಿನ್ ತೆಂಡೂಲ್ಕರ್ 3 ಪೌಂಡಿಗೂ ಮೀರಿದ ಬ್ಯಾಟಿನಿಂದ ಆಡಿದರೆಂದು ಕೇಳಿ ಭಾರವೇ ಬಲವೆಂದು ಬಗೆಯುವ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಬ್ಯಾಟಿನ ತೂಕವೆಲ್ಲ ಚೆಂಡು ತಗಲುವೆಡೆಯಲ್ಲೇ ಇದೆಯೆಂದೂ, 160 ಗ್ರಾಂ ತೂಕದ ಚೆಂಡು ನಿಶ್ಚಲವಾಗಿದೆಯೆಂದೂ ಇಟ್ಟುಕೊಳ್ಳೋಣ. 1 ಕಿಲೋಗ್ರಾಮಿನ ಬ್ಯಾಟಿಗೆ ಬದಲಾಗಿ 1.2 ಕಿಲೋಗ್ರಾಮಿನದನ್ನು ಅದೇ ವೇಗದಲ್ಲಿ ಬೀಸಿದರೂ ಚೆಂಡಿನ ವೇಗ ಹೆಚ್ಚುವುದು ಶೇಕಡಾ 2ಕ್ಕಿಂತ ತುಸು ಮೇಲೆ, ಅಷ್ಟೆ. ಸ್ನಾಯುಗಳು ಕೊಡುವ ಶಕ್ತಿ ಮೊದಲಿನಷ್ಟೇ ಆದಲ್ಲಿ ಬ್ಯಾಟಿನ ವೇಗವೇ ಶೇಕಡಾ 9ರಷ್ಟು ಕುಗ್ಗುತ್ತದೆ. ತೋಳುಗಳನ್ನೂ ಜೊತೆಗೆ ಬೀಸಬೇಕಾದುದರಿಂದ ನಿಜವಾದ ಕುಗ್ಗು ಇದಕ್ಕಿಂತ ಕಡಿಮೆ. ಆದರೂ ಎಳೆಯ ತೋಳಿಗೆ ಭಾರದಿಂದ ಲಾಭವಿಲ್ಲ. 58 ಗ್ರಾಮಿನಷ್ಟೇ ಇರುವ ಟೆನ್ನಿಸ್ ಚೆಂಡಿನಲ್ಲಿ ಆಡುವವರಿಗಂತೂ ಭಾರದ ಬ್ಯಾಟು ಬರಿಯ ಹೊರೆ.

ಒಂದೇ ತೂಕದ ಎರಡು ಬ್ಯಾಟುಗಳಲ್ಲಿ ಯಾವುದು ಬೀಸಲು ಹಗುರ? ಇದನ್ನು ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಮೇಲಿನ ಕೈ ಹಿಡಿಯುವ ಸ್ಥಳಕ್ಕೆ ದಾರ ಬಿಗಿದು, ಅಲ್ಲಿಂದಲೇ ತೂಗುವಂತೆ ಬ್ಯಾಟನ್ನು ನೇತುಹಾಕಿ, ಲೋಲಕದಂತೆ ಮೆಲ್ಲನೆ ಆಡಿಸಿ, 20 ಆಂದೋಲನಗಳ ಕಾಲವನ್ನು ಗಡಿಯಾರದಲ್ಲಿ ನೋಡಿರಿ. 32 ಸೆಕೆಂಡುಗಳಾದವೆನ್ನಿ, ಒಂದಕ್ಕೆ 1.6 ಸೆಕೆಂಡು. ಅದರ ವರ್ಗವನ್ನು 25ರಿಂದ ಗುಣಿಸಿದರೆ 64 ಬರುತ್ತದೆ. ನೇತುಹಾಕಿದ ಸ್ಥಳದಿಂದ ಸುಮಾರು 64 ಸೆಂಟಿಮೀಟರ್ ಕೆಳಗೆ ಬ್ಯಾಟಿನ ಆಘಾತ ಕೇಂದ್ರವಿದೆ. ಅಲ್ಲಿ ಚೆಂಡು ತಗಲಿದರೆ ಆ ಕೈಗೆ ಜುಮ್ಮೆನ್ನುವ ಪೆಟ್ಟು ತಟ್ಟದು. ಇನ್ನು ಬ್ಯಾಟನ್ನು ಬೆರಳ ಮೇಲೆ ಅಡ್ಡಲಾಗಿ ನಿಲ್ಲಿಸಿ ಅದರ ಗುರುತ್ವಕೇಂದ್ರವನ್ನು ಗುರುತಿಸಿ, ಅದೇ ಸ್ಥಳದಿಂದ ಅದರ ದೂರವನ್ನು ಅಳೆಯಿರಿ. ತೂಕ ಮತ್ತು ಈ ಎರಡು ದೂರಗಳು, ಮೂರನ್ನೂ ಗುಣಿಸಿದರೆ ಭ್ರಮಣ ಜಡತ್ವ ದೊರೆಯುತ್ತದೆ. ಯಾವ ಬ್ಯಾಟಿಗೆ ಈ ಗುಣಲಬ್ಧ ಕಡಿಮೆಯೋ ಅದು ಬೇಗ ತಿರುಗುವ ಬ್ಯಾಟು.