ನಿಮಗಿದು ಗೊತ್ತೆ? ಏರ್ ರೈಫಲ್‌ಗೆ ಗಾಳಿ ತುಂಬುವ ಟ್ಯಾಂಕ್

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. ಅಲ್ಲಿ 4.5 ಮಿ.ಮೀ. ಗುಂಡನ್ನು ಹಾರಿಸುವುದು ಮದ್ದಲ್ಲ, ಒತ್ತಿ ತುಂಬಿದ ಗಾಳಿ.

● ಈಗಿನ ಸ್ಪರ್ಧಾ ರೈಫಲ್‌ಗಳ ಸಿಲಿಂಡರ್‌ಗೆ ಸಾಮಾನ್ಯವಾಗಿ 200 ಬಾರ್‌ವರೆಗೆ ಗಾಳಿ ತುಂಬುತ್ತಾರೆ. ಕಾರಿನ ಟೈರಿನ ಒತ್ತಡ 2 ಬಾರ್‌ಗಿಂತ ತುಸು ಹೆಚ್ಚು, ಅಷ್ಟೆ.

● ದೊಡ್ಡ ಟ್ಯಾಂಕ್‌ನಿಂದ ಸಿಲಿಂಡರ್‌ಗೆ ಹರಿಯುವ ಗಾಳಿ, ಎರಡರ ಒತ್ತಡವೂ ಸಮವಾದೊಡನೆ ನಿಲ್ಲುತ್ತದೆ. ಹಾಗಾಗಿ ಆಯ್ಕೆಯಲ್ಲಿ ಗಾತ್ರಕ್ಕಿಂತ ಒತ್ತಡವೇ ಮುಖ್ಯ. 0.2 ಲೀಟರ್ ಸಿಲಿಂಡರನ್ನು 100ರಿಂದ 200 ಬಾರ್‌ಗೆ ಏರಿಸಬೇಕೆನ್ನಿ. 232 ಬಾರ್‌ನ 12 ಲೀಟರ್ ಟ್ಯಾಂಕ್ ಸ್ಥೂಲವಾಗಿ 19 ಸಲ ಪೂರ್ತಿ ತುಂಬಬಲ್ಲದು. 300 ಬಾರ್‌ನ 7 ಲೀಟರ್ ಟ್ಯಾಂಕ್ ಸುಮಾರು 35 ಸಲ!

● ಕಾರ್ಬನ್ ಫೈಬರ್ ಟ್ಯಾಂಕ್ ಹಗುರ, ಆದರೆ ದುಬಾರಿ. ಉಕ್ಕಿನದು ಅಗ್ಗ, ಆದರೆ ಭಾರ.

● ಒಣಗಿದ, ಶುದ್ಧ ಗಾಳಿಯನ್ನೇ ತುಂಬಿ. ತೇವ ಸೇರಿದರೆ ಒಳಗೆ ತುಕ್ಕು. ಆಮ್ಲಜನಕ ತುಂಬಿದರೆ ಸ್ಫೋಟದ ಅಪಾಯ.

● ಅಂತರರಾಷ್ಟ್ರೀಯ ಶೂಟಿಂಗ್ ನಿಯಮದಂತೆ ರೈಫಲ್ ಸಿಲಿಂಡರ್‌ನ ಗರಿಷ್ಠ ಆಯುಸ್ಸು 10 ವರ್ಷ. ಟ್ಯಾಂಕ್ ಕೊಳ್ಳುವಾಗಲೂ ಅದರ ಮೇಲಿನ ಒತ್ತಡ ಪರೀಕ್ಷೆಯ ದಿನಾಂಕ ನೋಡಲು ಮರೆಯಬೇಡಿ.